ಬಲಗಾಲಿಗೆ ಆರು, ಎಡಗಾಲಿಗೆ ಎಂಟು

ನನ್ನ ಮಂಚದ ಕೆಳಗೆ ಅಪ್ಪನ ಕಾಲದ ಒಂದು ಟ್ರಂಕಿದೆ. ಮುಚ್ಚಳದ ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ. ಅದರೊಳಗೆ 22 ಶೂಗಳಿವೆ. ಹನ್ನೊಂದು ಎಡಗಾಲಿನವು, ಆರನೇ ನಂಬರು. ಹನ್ನೊಂದು ಬಲಗಾಲಿನವು, ಎಂಟನೇ ನಂಬರು. ಇವುಗಳಲ್ಲಿ ಒಂದನ್ನೂ ಒಂದು ದಿನವೂ ಯಾರೂ ಹಾಕಿಲ್ಲ. ಅಟ್ಟೆಗೆ ಮಣ್ಣು ತಾಗಿಲ್ಲ. ಕೆಲವದರ ಮೂತಿಯೊಳಗೆ ಅಂಗಡಿಯವರು ತುರುಕಿದ ಕಾಗದದ ಉಂಡೆ ಹಾಗೇ ಇದೆ. ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ಕೊಡುವುದು ಯಾರಿಗೆ? ಎಡಗಾಲು ಆರು, ಬಲಗಾಲು ಎಂಟು ಇರುವ ಮನುಷ್ಯರು ನನಗೆ ಇದುವರೆಗೆ ಸಿಕ್ಕಿಲ್ಲ.

ನನ್ನದು ಅದರ ತಿರುವುಮುರುವು. ಬಲಗಾಲಿಗೆ ಆರು, ಎಡಗಾಲಿಗೆ ಎಂಟು. ಒಂದೂವರೆ ವರ್ಷದ ಕೂಸಿದ್ದಾಗ ಪೋಲಿಯೋ ಜ್ವರ ಬಂತು, ಜ್ವರ ಇಳಿಯಿತು, ಎಡಗಾಲು ಏಳಲಿಲ್ಲ. ಆ ಪಾದ ಬರಿದಾಗಿ ಅಳೆದರೆ ಬಲಗಾಲಿಗಿಂತ ಚಿಕ್ಕದು, ಐದನೇ ನಂಬರು. ಅದರ ಮೇಲೆ ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಕೂತಾಗ ಎಂಟು ಆಗುತ್ತದೆ. ಹಾಗಾಗಿ ಪ್ರತಿ ಸಲವೂ ನಾನು ಒಂದೇ ಬಗೆಯ ಎರಡು ಜೊತೆ ಕೊಳ್ಳುತ್ತೇನೆ. ಎರಡು ಶೂ ಹಾಕುತ್ತೇನೆ, ಎರಡನ್ನು ಟ್ರಂಕಿಗೆ ಹಾಕುತ್ತೇನೆ. ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನನಗೆ ಸಂಬಳ ಬರುತ್ತದೆ, ಕೊಳ್ಳುತ್ತೇನೆ. ಕೂಲಿ ಮಾಡುವವಳು ಏನು ಮಾಡಬೇಕು? ಈ ಪ್ರಶ್ನೆ ನನ್ನನ್ನು ಬಹಳ ವರ್ಷದಿಂದ ಸುಡುತ್ತಿದೆ. ಈಗ ಬರೆಯದೆ ಇರಲಾರೆ.

ಕಳೆದ ಸಲ ಶೂ ಕೊಳ್ಳಲು ಪೇಟೆಯ ದೊಡ್ಡ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆ ತುಂಬ ಶೂ. ನನ್ನ ಮುಂದೆ ಕೂತಿದ್ದ ಹೆಂಗಸಿನ ಕಾಲ ಬಳಿ ಅಂಗಡಿಯ ಹುಡುಗ ಮಂಡಿಯೂರಿ ಕೂತು, ಹಿಮ್ಮಡಿ ಹಿಡಿದು, ಕಬ್ಬಿಣದ ಚಮಚ ಇಟ್ಟು ಶೂ ತೊಡಿಸುತ್ತಿದ್ದ. ನನ್ನ ಸರದಿ ಬಂತು. ಸೀರೆಯ ನೆರಿಗೆ ಒಂದಿಷ್ಟು ಎತ್ತಿದೆ. ಬಿಳಿ ಪ್ಲಾಸ್ಟಿಕ್ಕು, ಅದರ ಪಟ್ಟಿ ಅವನ ಕಣ್ಣಿಗೆ ಬಿತ್ತು. ಶೂವನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮಾಲೀಕರೇ ಬಂದರು. 'ಇಂಥದ್ದಕ್ಕೆಲ್ಲ ನಮ್ಮಲ್ಲಿ ಬರಲ್ಲ ಮೇಡಂ, ಆಸ್ಪತ್ರೆ ಕಡೆ ಕೇಳಿ' ಅಂದರು. ಆಸ್ಪತ್ರೆ ಕಡೆ ನಾನು ಕೇಳಿಯಾಗಿತ್ತು. ಸ್ಪ್ಲಿಂಟ್ ಕೊಟ್ಟ ದಿನ ಅಲ್ಲಿನವರು ಹೇಳಿದ್ದು, 'ಶೂ ಹೊರಗೆ ತಗೊಳ್ಳಿ' ಎಂದು. ಒಳಗಿನವರು ಹೊರಗೆ ಅಂದರು, ಹೊರಗಿನವರು ಒಳಗೆ ಅಂದರು. ನಡುವೆ ನಾನು ಒಂದು ಕಾಲಲ್ಲಿ ಶೂ, ಒಂದು ಕಾಲಲ್ಲಿ ಪ್ಲಾಸ್ಟಿಕ್ಕು ಹಾಕಿಕೊಂಡು ಆ ನುಣುಪು ನೆಲದ ಮೇಲೆ ಗೋಡೆ ಹಿಡಿದು ನಿಂತಿದ್ದೆ.

ಓದುವವರಲ್ಲಿ ಬಹಳ ಮಂದಿ ಈ ಸ್ಪ್ಲಿಂಟನ್ನು ಹತ್ತಿರದಿಂದ ನೋಡಿರಲಾರರು. ಹೇಳುತ್ತೇನೆ. ಮೊದಲು ಕಾಲಿಗೆ ಪ್ಲಾಸ್ಟರ್ ಬಟ್ಟೆ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಪ್ಲಾಸ್ಟರ್ ಸುರಿದರೆ ನಿಮ್ಮದೇ ಕಾಲಿನ ಬಿಳಿ ಬೊಂಬೆ ಸಿಗುತ್ತದೆ. ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಒಲೆಯಲ್ಲಿ ಕಾಯಿಸಿ, ಅದು ಹಪ್ಪಳದ ಹಿಟ್ಟಿನಂತೆ ಮೆತ್ತಗಾದಾಗ ಆ ಬೊಂಬೆಯ ಮೇಲೆ ಹೊದಿಸಿ, ಗಾಳಿ ಎಳೆದು ಅಂಟಿಸುತ್ತಾರೆ. ಆರಿದ ಮೇಲೆ ಅಂಚು ಕತ್ತರಿಸಿ ಉಜ್ಜಿ, ಮುಂದಕ್ಕೆ ಪಟ್ಟಿ ಹಾಕುತ್ತಾರೆ. ಮೀನಖಂಡದ ಹಿಂದಿನಿಂದ ಇಳಿದು, ಹಿಮ್ಮಡಿ ಸುತ್ತಿ, ಅಂಗಾಲಿನ ಕೆಳಗೆ ಹಾಸಿಕೊಳ್ಳುವ ಒಂದು ಗಟ್ಟಿ ಚಿಪ್ಪು ಅದು. ಇದಿಲ್ಲದಿದ್ದರೆ ನನ್ನ ಎಡಪಾದ ಜೋತುಬೀಳುತ್ತದೆ, ಹೆಬ್ಬೆರಳು ನೆಲ ಕೆರೆಯುತ್ತದೆ, ಪ್ರತಿ ಹೆಜ್ಜೆಗೂ ಮುಗ್ಗರಿಸಬೇಕು. ಇದಿದ್ದರೆ ನಡೆಯಬಹುದು.

ಆದರೆ ಇದೊಂದೇ ಇದ್ದರೆ ನಡೆಯಲಾಗದು. ಅದರ ತಳ ನುಣ್ಣನೆ ಪ್ಲಾಸ್ಟಿಕ್ಕು, ಟೈಲ್ಸಿನ ಮೇಲೆ ಸೋಪಿನಂತೆ ಜಾರುತ್ತದೆ. ಸ್ಪ್ಲಿಂಟನ್ನು ಕಾಲಿಗೆ ಬಿಗಿಹಿಡಿಯುವುದು ಶೂ. ನೆಲವನ್ನು ಹಿಡಿಯುವುದೂ ಶೂ. ಅದೂ ಎಂಥ ಶೂ? ಬಾಯಿ ಬೆರಳಿನ ಬುಡದವರೆಗೂ ಅಗಲವಾಗಿ ತೆರೆದುಕೊಳ್ಳಬೇಕು. ಏಕೆಂದರೆ ಈ ಪಾದವನ್ನು ಮಡಚಿ ತೂರಿಸಲಾಗದು, ಹಲಗೆಯಂತೆ ನೇರವಾಗಿ ಇಳಿಸಬೇಕು. ಒಳಗಿನ ಹಾಸು ಕಿತ್ತು ತೆಗೆಯುವಂತಿರಬೇಕು. ಹಿಂಬದಿ ಗಟ್ಟಿಯಾಗಿರಬೇಕು. ಹಿಮ್ಮಡಿಯ ಎತ್ತರ ಸ್ಪ್ಲಿಂಟ್ ಮಾಡಿದಾಗ ಹಿಡಿದ ಲೆಕ್ಕಕ್ಕೆ ಸರಿಹೊಂದಬೇಕು. ಒಂದು ಸೆಂಟಿಮೀಟರು ಹೆಚ್ಚಾದರೆ ಮೊಣಕಾಲನ್ನು ಮುಂದಕ್ಕೆ ದಬ್ಬುತ್ತದೆ, ಕಡಿಮೆಯಾದರೆ ಹಿಂದಕ್ಕೆ ಎಳೆಯುತ್ತದೆ. ಇಷ್ಟು ಹೇಳಿದ ಮೇಲೆ ಶೂ ಎಂಬುದು ಈ ಕಾಲಿಗೆ ಅಲಂಕಾರ ಎಂದು ಯಾರೂ ಅನ್ನಲಾರರು. ಅದು ಸ್ಪ್ಲಿಂಟಿನ ಅರ್ಧ. ಉಳಿದರ್ಧವನ್ನು ಮಾತ್ರ ಕೊಟ್ಟು ಸರ್ಕಾರ 'ಸಾಧನ ವಿತರಿಸಿದ್ದೇವೆ' ಎಂದು ಬರೆದುಕೊಳ್ಳುತ್ತದೆ.

ಇನ್ನು ಪೇಟೆಯದು. ಪೇಟೆಗೆ ಉದ್ದ ಮಾತ್ರ ಗೊತ್ತು. ಐದು, ಆರು, ಏಳು, ಎಂಟು ಎಲ್ಲವೂ ಉದ್ದದ ನಂಬರು. ನನಗೆ ಬೇಕಾದದ್ದು ಅಗಲ. ಅಗಲ ಕೇಳಿದವಳಿಗೆ ಉದ್ದ ಕೊಟ್ಟು ಕಳಿಸುತ್ತಾರೆ. ಹೆಂಗಸರ ಶೂಗಳಂತೂ ಮೂತಿ ಚೂಪಾಗಿ, ಸೊಂಟ ಸಣ್ಣಗೆ, ಬಾಯಿ ಬಿಗಿಯಾಗಿ ಹೊಲಿದಿರುತ್ತವೆ. ಸ್ಪ್ಲಿಂಟ್ ಇರಲಿ, ಅರ್ಧ ದಿನ ನಿಂತು ದುಡಿಯುವ ಯಾವ ಹೆಂಗಸಿನ ಪಾದವೂ ಅದರೊಳಗೆ ಸುಖವಾಗಿರದು. ಹಾಗಾಗಿ ನಾನು ಗಂಡಸರ ಓಟದ ಶೂ ಕೊಳ್ಳುತ್ತೇನೆ. ಎಂಟನೇ ನಂಬರಿನ ಎಡ ಶೂವಿನ ಮೂತಿಯಲ್ಲಿ ಎರಡು ಬೆರಳು ಖಾಲಿ ಉಳಿಯುತ್ತದೆ. ಹತ್ತಿ ತುರುಕುತ್ತೇನೆ. ಮೆಟ್ಟಿಲು ಹತ್ತುವಾಗ ಆ ಖಾಲಿ ಮೂತಿಯೇ ತಡೆಯುತ್ತದೆ. ಬೀಳದಿರಲೆಂದು ಹಾಕಿದ ಶೂವೇ ನನ್ನನ್ನು ಎಷ್ಟೋ ಸಲ ಬೀಳಿಸಿದೆ.

ಇದು ಮೊದಲಿನಿಂದ ಹೀಗೆಯೇ ಇತ್ತೇ? ಇರಲಿಲ್ಲ. ನನ್ನ ಸಿಟ್ಟಿನ ಬುಡ ಇರುವುದು ಇಲ್ಲಿ.

ನನಗೆ ಏಳು ವರ್ಷವಾದಾಗ ಕಬ್ಬಿಣದ ಕ್ಯಾಲಿಪರ್ ಹಾಕಿದರು. ಕಾಲಿನ ಎರಡು ಪಕ್ಕಕ್ಕೂ ಸರಳು, ಮೀನಖಂಡಕ್ಕೆ ಚರ್ಮದ ಪಟ್ಟಿ, ಕೆಳಗೆ ಕಂದು ಚರ್ಮದ ಬೂಟು. ಸರಳುಗಳ ತುದಿ ಬಾಗಿ ಬೂಟಿನ ಹಿಮ್ಮಡಿಯೊಳಗಿನ ತೂತಿಗೆ ಹೋಗಿ ಕೂರುತ್ತಿತ್ತು. ನಡೆದರೆ ಕಟಕಟ ಸದ್ದು. ಮಳೆಗಾಲದಲ್ಲಿ ನೆನೆದ ಚರ್ಮದ ನಾತ. ನನ್ನ ಓರಗೆಯ ಮಕ್ಕಳು ನನ್ನನ್ನು ಕೂಗುತ್ತಿದ್ದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಬೂಟನ್ನು ನಾನು ಪ್ರಾಣ ಹೋಗುವಷ್ಟು ದ್ವೇಷಿಸಿದೆ. ಆದರೆ ಇಂದು ಒಂದು ಮಾತು ಒಪ್ಪಬೇಕು. ಬೂಟಿಲ್ಲದೆ ಆ ಕ್ಯಾಲಿಪರ್ ಇರುತ್ತಲೇ ಇರಲಿಲ್ಲ. ಕಬ್ಬಿಣ ಬೇರೆ, ಬೂಟು ಬೇರೆ ಎಂದು ಯಾರೂ ಅನ್ನುವಂತಿರಲಿಲ್ಲ. ಎರಡೂ ಒಂದೇ ಚೀಟಿಯಲ್ಲಿ, ಒಂದೇ ಲೆಕ್ಕದಲ್ಲಿ, ಒಂದೇ ಕೈಯಿಂದ ಬರುತ್ತಿದ್ದವು.

ಆಮೇಲೆ ಪ್ಲಾಸ್ಟಿಕ್ಕು ಬಂತು. ಹಗುರ, ಸದ್ದಿಲ್ಲ, ಮಾಮೂಲಿ ಶೂವಿನೊಳಗೇ ಹಾಕಬಹುದು ಎಂದರು. ಹಗುರವೆಂಬುದು ನಿಜ, ಅದಕ್ಕೆ ನಾನು ಋಣಿ. ಆದರೆ 'ಮಾಮೂಲಿ ಶೂ' ಎಂದ ಕ್ಷಣದಲ್ಲಿ ಶೂ ಆಸ್ಪತ್ರೆಯ ಲೆಕ್ಕದಿಂದ ಬಿದ್ದು ಹೋಯಿತು. ಔಷಧದ ಸಾಲಿನಲ್ಲಿದ್ದದ್ದು ಅಂಗಡಿಯ ಸಾಲಿಗೆ ಹೋಯಿತು. ಮಾಮೂಲಿ ಶೂವಿನೊಳಗೆ ಈ ಚಿಪ್ಪು ಹೋಗುತ್ತದೆಯೇ ಎಂದು ಕೇಳಬೇಕಾದವರು ಕೇಳಲಿಲ್ಲ. ಹೋಗುವುದಿಲ್ಲ ಎಂದು ಗೊತ್ತಿದ್ದ ನಮ್ಮ ಮಾತು ಯಾರ ಕಿವಿಗೂ ಬೀಳಲಿಲ್ಲ.

ತೆರಿಗೆಯ ಕಾಗದ ತೆಗೆದು ನೋಡಿ, ಇದೇ ಕಥೆ. ಸ್ಪ್ಲಿಂಟ್ ವೈದ್ಯಕೀಯ ಸಾಧನ, ಅದಕ್ಕೆ ಜಿಎಸ್‌ಟಿ ಶೇ 5. ಸಾವಿರ ರೂಪಾಯಿ ದಾಟಿದ ಶೂ ಪೇಟೆಯ ಸರಕು, ಅದಕ್ಕೆ 2025ರ ಸೆಪ್ಟೆಂಬರ್ 21ರವರೆಗೆ ಶೇ 18 ಇತ್ತು. ಒಂದೇ ಕಾಲು, ಒಂದೇ ಹೆಜ್ಜೆ. ಒಳಗಿನ ಚಿಪ್ಪಿಗೆ ಐದು, ಹೊರಗಿನ ಚಿಪ್ಪಿಗೆ ಹದಿನೆಂಟು. ಟ್ರಂಕಿನಲ್ಲಿ ಕೂತ ಆ 22 ಶೂಗಳಿಗೂ ನಾನು ತೆರಿಗೆ ಕಟ್ಟಿದ್ದೇನೆ. ಒಂದು ಜೊತೆಗೆ 1,200 ರೂಪಾಯಿ ಎಂದು ಹಿಡಿದರೂ ಹಾಕದ ಶೂಗಳಿಗೆ ಹೋದದ್ದು 13,200.

ಶೂ ಸಿಕ್ಕಿತು ಅನ್ನಿ. ಹೊಸ್ತಿಲು ಬರುತ್ತದೆ. 'ಚಪ್ಪಲಿ ಹೊರಗೆ ಬಿಡಿ.' ಗುಡಿಯಲ್ಲಿ, ಗೃಹಪ್ರವೇಶದಲ್ಲಿ, ಸಾವಿನ ಮನೆಯಲ್ಲಿ, ಎಷ್ಟೋ ಕಡೆ ಡಾಕ್ಟರ ಕೋಣೆಯ ಬಾಗಿಲಲ್ಲೂ. ನನಗೆ ಅದು ಚಪ್ಪಲಿ ಬಿಡುವುದಲ್ಲ, ಕಾಲು ಬಿಡುವುದು. ಶೂ ಬಿಚ್ಚಿ ಸ್ಪ್ಲಿಂಟಿನಲ್ಲೇ ಹೋದರೆ ಗ್ರಾನೈಟ್ ಮೇಲೆ ಜಾರುತ್ತೇನೆ. ಸ್ಪ್ಲಿಂಟೂ ಬಿಚ್ಚಿದರೆ ಪಾದ ಜೋತುಬೀಳುತ್ತದೆ. ಒಂದು ಮದುವೆ ಮನೆಯಲ್ಲಿ ಅಕ್ಷತೆ ಹಾಕಲು ಹೋಗಿ, ಮಂಟಪದ ಮುಂದೆ, ಅಷ್ಟು ಜನರ ನಡುವೆ ಬಿದ್ದೆ. ಎತ್ತಿದವರೇ 'ನೀವು ಅಲ್ಲೇ ಕೂತು ಆಶೀರ್ವಾದ ಮಾಡಬಹುದಿತ್ತಲ್ಲ' ಅಂದರು. ಮೂಲೆಯಲ್ಲಿ ಕೂರು ಎಂಬ ಆ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ, ಅದಕ್ಕೇ ಹೆಚ್ಚು ನೋಯುತ್ತದೆ.

ನಮ್ಮ ನೆಲಕ್ಕೆ, ನಮ್ಮ ಹೊಸ್ತಿಲಿಗೆ ತಕ್ಕದ್ದನ್ನು ಮಾಡಲು ಆಗುವುದಿಲ್ಲವೇ? ಆಗುತ್ತದೆ, ಮಾಡಿ ತೋರಿಸಿದ್ದಾರೆ. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದರು. ಶೂ ಬೇಡದೆ ಬರಿಗಾಲಲ್ಲಿ ನಡೆಯಬಹುದು, ಗದ್ದೆಯ ಕೆಸರಿಗೆ ಇಳಿಯಬಹುದು, ಕುಕ್ಕರಗಾಲಲ್ಲಿ ಕೂರಬಹುದು. ಕಾಲು ಕಳಕೊಂಡ ಬಡವ ಹೇಗೆ ಬದುಕುತ್ತಾನೆ ಎಂದು ನೋಡಿ ಮಾಡಿದ ಪಾದ ಅದು. ಕಾಲಿದ್ದೂ ಬಲವಿಲ್ಲದ ನಮ್ಮ ಪಾಲಿಗೆ ಹಾಗೆ ಕೂತು ಯೋಚಿಸಿದವರ ಫಲ ನಮ್ಮ ಜಿಲ್ಲೆಯ ಸಾಧನ ವಿತರಣಾ ಶಿಬಿರಗಳಿಗೆ ಇನ್ನೂ ಬಂದಿಲ್ಲ.

ಪರೀಕ್ಷೆಯ ಬಾಗಿಲಲ್ಲೂ ಇದೇ. ನಕಲು ತಡೆಯಲೆಂದು ದೊಡ್ಡ ದೊಡ್ಡ ಪರೀಕ್ಷೆಗಳಿಗೆ ಶೂ ಹಾಕಿ ಬರಬಾರದೆಂಬ ನಿಯಮ ಬಂದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಸ್ಪ್ಲಿಂಟ್ ಹಾಕುವ ಹುಡುಗ, ಬಾಗಿಲಲ್ಲಿ ಶೂ ಬಿಚ್ಚಿಸಿಕೊಂಡು, ಉದ್ದದ ಕಾರಿಡಾರನ್ನು ಗೋಡೆ ಸವರುತ್ತ ದಾಟಿ ಹೋಗಿ ಬರೆದ. ಪ್ರಮಾಣಪತ್ರ ತೋರಿಸಿದನಂತೆ. 'ಪಟ್ಟಿಯಲ್ಲಿ ಇಲ್ಲ' ಎಂದರಂತೆ.

ಈಗ ನನ್ನ ಶಾಲೆಯ ಮಾತು.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್ ಕೊಡುತ್ತಾರೆ. ಒಳ್ಳೆಯ ಯೋಜನೆ. ಬರಿಗಾಲಲ್ಲಿ ಮುಳ್ಳು ತುಳಿದು ಬರುತ್ತಿದ್ದ ಮಕ್ಕಳ ಕಾಲಿಗೆ ಶೂ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಹೀಗಳೆಯುವುದಿಲ್ಲ. ಹಣ ಶಾಲೆಗೆ ಬರುತ್ತದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮೂಲಕ ಕೊಳ್ಳಬೇಕು. ಕೆಲ ವರ್ಷಗಳಿಂದ ಇರುವ ದರ ಹೀಗೆ: ಒಂದರಿಂದ ಐದನೇ ತರಗತಿಗೆ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ತರಗತಿಗೊಂದು ದರ. ಸ್ಪ್ಲಿಂಟಿನ ಕಾಲಿಗೆಂದು ಆ ಲೆಕ್ಕದಲ್ಲಿ ಬೇರೆ ಸಾಲಿಲ್ಲ.

ನಾಲ್ಕನೇ ತರಗತಿಯಲ್ಲಿ ನಮಗೊಬ್ಬಳು ಹುಡುಗಿ ಇದ್ದಾಳೆ. ಹುಟ್ಟುವಾಗ ಉಸಿರು ಕಟ್ಟಿ, ಎರಡೂ ಕಾಲು ಸೆಟೆದುಕೊಂಡಿವೆ. ಶಿಬಿರದಲ್ಲಿ ಎರಡು ಕಾಲಿಗೂ ಸ್ಪ್ಲಿಂಟ್ ಕೊಟ್ಟರು, ಗುಲಾಬಿ ಬಣ್ಣದವು, ಚಿಟ್ಟೆ ಚಿತ್ರವಿದ್ದವು. ಮೊದಲ ದಿನ ಅದನ್ನು ಹಾಕಿಕೊಂಡು ಅವ್ವನ ಸೊಂಟದ ಮೇಲೆ ಬಂದಳು. ಶೂ ಇರಲಿಲ್ಲವಾದ್ದರಿಂದ ನೆಲಕ್ಕೆ ಇಳಿಯಲಾಗಲಿಲ್ಲ. ಶೂ ಹಂಚುವ ದಿನ ಬಂತು. ಚೀಲದಿಂದ ಒಂದೊಂದೇ ತೆಗೆದು, ನಂಬರು ನೋಡಿ, ಮಕ್ಕಳನ್ನು ಸಾಲಾಗಿ ಕೂರಿಸಿ ತೊಡಿಸಿದೆವು. ಇವಳಿಗೆ ಒಂದನೇ ನಂಬರು ಬರೆದಿತ್ತು. ಹೋಗಲಿಲ್ಲ. ಎರಡು, ಮೂರು, ನಾಲ್ಕು, ದೊಡ್ಡ ತರಗತಿಯ ಚೀಲವನ್ನೂ ಬಿಚ್ಚಿದೆ. ಅಗಲ ಸಾಲಲಿಲ್ಲ. ಉಳಿದ ಮಕ್ಕಳು ಹೊಸ ಶೂ ಟಕಟಕ ಎನಿಸುತ್ತ ಅಂಗಳದಲ್ಲಿ ಓಡುತ್ತಿದ್ದರು. ಫೋಟೋ ತೆಗೆಯುವಾಗ ಎಲ್ಲರ ಶೂ ಕಾಲಲ್ಲಿತ್ತು, ಇವಳದು ಮಡಿಲಲ್ಲಿತ್ತು. ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಿದ್ದಳು. ಆ ಫೋಟೋ ನನ್ನ ಬಳಿ ಇದೆ.

ಒಂದು ವಾರ ಕಳೆದು ನೋಡಿದರೆ ಹುಡುಗಿ ಬರಿಗಾಲಲ್ಲಿ, ತುದಿಗಾಲ ಮೇಲೆ, ಗೋಡೆ ಹಿಡಿದು ಬರುತ್ತಿದ್ದಾಳೆ. 'ಪ್ಲಾಸ್ಟಿಕ್ ಎಲ್ಲವ್ವ?' ಅಂದೆ. 'ಅಟ್ಟದ ಮ್ಯಾಲೆ ಮಡಗೀವಿ ಟೀಚರಮ್ಮ' ಎಂದಳು ಅವ್ವ. 'ಅದುಕ್ಕೆ ಬೂಟು ಬೇಕಂತೆ, ಚಳ್ಳಕೆರೆ, ದುರ್ಗ ಎಲ್ಲಾ ಕಡೆ ತಿರುಗಿದ್ವಿ, ಎರಡು ದಿನದ ಕೂಲಿ ಹೋತು. ಬೂಟಿಲ್ದಿದ್ರೆ ಜಾರಿ ಬೀಳ್ತೈತೆ ಮಗ.' ಈರುಳ್ಳಿ ಬುಟ್ಟಿಯ ಪಕ್ಕ ಚಿಟ್ಟೆ ಚಿತ್ರದ ಸ್ಪ್ಲಿಂಟ್ ಧೂಳು ತಿನ್ನುತ್ತಿತ್ತು. ಅದು ಅಟ್ಟದ ಮೇಲಿದ್ದಷ್ಟು ದಿನ ಆ ಮಗುವಿನ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗುತ್ತ ಹೋಗುತ್ತದೆ. ಪಾದ ಕೆಳಮುಖವಾಗಿ ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡ ಮೇಲೆ ಹಳೆಯ ಸ್ಪ್ಲಿಂಟ್ ಹಿಡಿಯುವುದಿಲ್ಲ. ಮತ್ತೆ ಪ್ಲಾಸ್ಟರು, ಇಲ್ಲವೇ ಶಸ್ತ್ರಚಿಕಿತ್ಸೆ. ಒಂದು ಜೊತೆ ಶೂ ಕೊಡದೆ ಉಳಿಸಿದ ದುಡ್ಡನ್ನು ಸರ್ಕಾರ ಆಪರೇಷನ್ ಕೋಣೆಯಲ್ಲಿ ಹತ್ತುಪಟ್ಟು ಸುರಿಯುತ್ತದೆ. ಮಗು ತನ್ನ ಬಾಲ್ಯವನ್ನು ಸುರಿಯುತ್ತದೆ.

ಕಾನೂನು ಇಲ್ಲವೇ? ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. ಅದರ 17ನೇ ಕಲಂ ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ವಿದ್ಯಾರ್ಥಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ತಕ್ಕ ಸಾಧನಗಳನ್ನು ಉಚಿತವಾಗಿ ಕೊಡಬೇಕು ಎನ್ನುತ್ತದೆ. 24ನೇ ಕಲಂ ಆದಾಯದ ಮಿತಿಗೆ ಒಳಪಟ್ಟವರಿಗೆ ಸಾಧನ ಸಲಕರಣೆ ಉಚಿತವಾಗಿ ಕೊಡುವ ಮಾತಾಡುತ್ತದೆ. ಸಾಧನ ಕೊಡಲೆಂದೇ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಇಷ್ಟೆಲ್ಲ ಇದ್ದೂ ನಮ್ಮ ಹುಡುಗಿಯ ಕಾಲಿಗೆ ಶೂ ಬರಲಿಲ್ಲ. ಶೂ ಇಲ್ಲದ ಸ್ಪ್ಲಿಂಟ್ ಕೊಟ್ಟವರು ತಕ್ಕ ಸಾಧನ ಕೊಟ್ಟಂತಾಗಲಿಲ್ಲ. ಗಾಲಿಯಿಲ್ಲದ ಗಾಡಿ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಂಡರು ಎಂದೇ ನಾನು ಹೇಳುವುದು.

ಹುಡುಗಿಯ ಸ್ಪ್ಲಿಂಟನ್ನೂ ನನ್ನ ಶೂವನ್ನೂ ತಗೊಂಡು ನಾನು ಹೋದದ್ದು ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ. ಅಲ್ಲಿ ಒಬ್ಬ ಅಣ್ಣ ಕೂರುತ್ತಾನೆ. ತೇಪೆ ಹಾಕಿದ ಕರಿ ಛತ್ರಿ, ಮುಂದೆ ಒಂದು ಅಡಿಗಲ್ಲು, ಮೂರು ಕಾಲಿನ ಕಬ್ಬಿಣದ ಅಚ್ಚು, ಉಳಿ, ಆರಿ, ಮೇಣ ಸವರಿದ ಹುರಿ. ನಾನು ಏನೂ ಹೇಳುವ ಮೊದಲೇ 'ಕಾಲು ಕೊಡಿ ಟೀಚರ್' ಅಂದ. ಸ್ಪ್ಲಿಂಟ್ ಸಮೇತ ನನ್ನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಹೆಬ್ಬೆರಳಿನಿಂದ ಹರಡಿನ ಮೂಳೆಯ ಸುತ್ತ ಸವರಿ, ಕಿರುಬೆರಳಿನ ಕೆಳಗೆ ಪಕ್ಕದಲ್ಲಿ ನಿಲ್ಲಿಸಿ, 'ಇಲ್ಲಿ ಒತ್ತತೈತೆ ಅಲ್ವಾ?' ಅಂದ. ಅಲ್ಲೇ ಒತ್ತುತ್ತಿತ್ತು. ಪೋಲಿಯೋ ಚಲನೆಯನ್ನು ಕಸಿಯುತ್ತದೆಯೇ ಹೊರತು ಸ್ಪರ್ಶವನ್ನು ಕಸಿಯುವುದಿಲ್ಲ, ಪ್ರತಿ ಒತ್ತೂ ನನಗೆ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯಿಂದ, ಕುಷ್ಠದಿಂದ, ಬೆನ್ನುಹುರಿಯ ದೋಷದಿಂದ ಸ್ಪರ್ಶ ಹೋದವರಿಗೆ ಇದೂ ತಿಳಿಯುವುದಿಲ್ಲ. ಸಂಜೆ ಸಾಕ್ಸ್ ಬಿಚ್ಚಿದಾಗ ರಕ್ತ ನೋಡಿಯೇ ಅವರಿಗೆ ಶೂ ಕಚ್ಚಿದ್ದು ಗೊತ್ತಾಗುವುದು.

'ಹೊಸ ಶೂ ಕುಯ್ಯೋಕೆ ಮನಸ್ಸು ಬರಲ್ಲ' ಎನ್ನುತ್ತಲೇ ಅವನು ಕುಯ್ದ. ನಾಲಿಗೆಯ ಎರಡು ಪಕ್ಕದ ಹೊಲಿಗೆ ಬಿಚ್ಚಿ ಬಾಯನ್ನು ಬೆರಳಿನವರೆಗೆ ಸೀಳಿದ. ಒಳಗಿನ ಹಾಸು ಕಿತ್ತ. ಕಿರುಬೆರಳಿನ ಕಡೆ ಸೀಳಿ, ಮೆತ್ತನೆ ಚರ್ಮದ ತುಂಡೊಂದನ್ನು ಬಾಳೆ ಎಲೆಯ ತುದಿಯಂತೆ ಕತ್ತರಿಸಿ ನಡುವೆ ಕೂರಿಸಿ ಹೊಲಿದ. ಲೇಸು ಬೇಡವೆಂದು ಹಳೆಯ ಶಾಲಾ ಚೀಲದ ಅಂಟುಪಟ್ಟಿ ಬಿಚ್ಚಿ ಇದಕ್ಕೆ ಹಚ್ಚಿದ. ನನ್ನ ಎಡಗಾಲು ಒಂದಿಷ್ಟು ಗಿಡ್ಡ. ನನ್ನನ್ನು ನಿಲ್ಲಿಸಿ, ಹಿಂದೆ ಹೋಗಿ ಸೊಂಟದ ಮಟ್ಟ ನೋಡಿ, ಅಟ್ಟೆಯ ಕೆಳಗೆ ರಬ್ಬರಿನ ಇನ್ನೊಂದು ಅಟ್ಟೆ ಅಂಟಿಸಿ, ಮೂತಿಯ ಕಡೆ ಅದನ್ನು ಓರೆಯಾಗಿ ಕೆತ್ತಿದ, ಹೆಜ್ಜೆ ಉರುಳಲೆಂದು. ಹುಡುಗಿಗೂ ಗಂಡುಮಕ್ಕಳ ಅಗಲದ ಶೂ ಒಂದನ್ನು ಹೀಗೇ ಮಾಡಿಕೊಟ್ಟ. ಪೂರ್ತಿ ಮಧ್ಯಾಹ್ನ ಹಿಡಿಯಿತು. ಮರುದಿನ ಅವಳು ಅಂಗಳದಲ್ಲಿ ಕೈ ಬಿಟ್ಟು ಒಂಬತ್ತು ಹೆಜ್ಜೆ ನಡೆದಳು. ಎಣಿಸಿದ್ದು ನಾನು.

ಗಾಜಿನ ಬಾಗಿಲಿನ ಅಂಗಡಿಯ ಹುಡುಗ ನನ್ನ ಕಾಲು ಮುಟ್ಟಲಿಲ್ಲ. ಈ ಊರು ಬೇವಿನ ಮರದ ಅಣ್ಣನ ಕೈ ಮುಟ್ಟುವುದಿಲ್ಲ. ನನ್ನ ಕಾಲನ್ನು ಹೇಸುವ ಕಣ್ಣೂ ಅವನ ಕೈಯನ್ನು ಹೇಸುವ ಕಣ್ಣೂ ಒಂದೇ. ಸಮಗಾರ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಜಯಂತಿಗಳಲ್ಲಿ ಕಣ್ಣೀರು ಹಾಕಿಕೊಂಡು ಹೇಳುವ ನಾಡು ಇದು. ಅದೇ ಕಸುಬಿನ ಮಗನಿಗೆ ಒಂದು ತಗಡಿನ ಗೂಡಂಗಡಿ ಕೊಡಲು ವರ್ಷಗಟ್ಟಲೆ ಅಲೆಸುತ್ತದೆ. ಅಥಣಿ, ನಿಪ್ಪಾಣಿಯ ಕೈಗಳು ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಪ್ರಾಡಾ ಎಂಬ ಇಟಲಿಯ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ವೇದಿಕೆಯಲ್ಲಿ ತೋರಿಸಿದಾಗ ದೇಶವೆಲ್ಲ ಎದ್ದು ಕೂಗಿತು. ಕೂಗಿದ್ದು ಸರಿ. ಆದರೆ ಆ ಕೈಗಳಿಗೆ ಇನ್ನೊಂದು ವಿದ್ಯೆಯೂ ಗೊತ್ತು, ಯಾವ ಕಂಪನಿಯ ಅಚ್ಚಿಗೂ ಒಗ್ಗದ ಕಾಲಿಗೆ ಶೂ ಮಾಡುವ ವಿದ್ಯೆ. ಅದನ್ನು ಕೇಳಿದವರಿಲ್ಲ. ರಾಜ್ಯ ಸರ್ಕಾರದ್ದೇ ಚರ್ಮ ಕೈಗಾರಿಕಾ ನಿಗಮ, ಲಿಡ್‌ಕರ್, 1976ರಿಂದ ಇದೆ. ಸ್ಪ್ಲಿಂಟಿನ ಕಾಲಿನ ಅಚ್ಚು ಇಟ್ಟುಕೊಂಡು, ಅಗಲದ ಶೂವನ್ನು ಒಂಟಿಯಾಗಿಯೂ ಮಾಡಿ ಮಾರುವ ಕೆಲಸವನ್ನು ಅದಕ್ಕೆ ವಹಿಸಲು ಯಾವ ಅಡ್ಡಿ? ತಾಲ್ಲೂಕಿಗೊಬ್ಬ ಇಂಥ ಅಣ್ಣನನ್ನು ಆಸ್ಪತ್ರೆಯ ಸಂಬಳದ ಪಟ್ಟಿಗೆ ಸೇರಿಸಿ. ಸ್ಪ್ಲಿಂಟ್ ಮಾಡುವವರ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿ.

'ಅಷ್ಟು ಕಡಿಮೆ ಜನಕ್ಕೆ ಯಾರು ಮಾಡುತ್ತಾರೆ' ಎಂಬ ಉತ್ತರ ನನಗೆ ಬಾಯಿಪಾಠವಾಗಿದೆ. 2011ರ ಜನಗಣತಿಯಲ್ಲೇ ಈ ದೇಶದಲ್ಲಿ ಚಲನೆಯ ತೊಂದರೆ ಇರುವವರು 54 ಲಕ್ಷ ಎಂದಿದೆ. ಎಲ್ಲರೂ ಸ್ಪ್ಲಿಂಟ್ ಹಾಕುವವರಲ್ಲ, ಸರಿ. ಪಾರ್ಶ್ವವಾಯು ಹೊಡೆದು ಪಾದ ಜೋತುಬಿದ್ದವರನ್ನು, ಅಪಘಾತದಲ್ಲಿ ನರ ತುಂಡಾದವರನ್ನು ಸೇರಿಸಿಕೊಳ್ಳಿ. ಇಂದು ನೆಟ್ಟಗೆ ನಡೆಯುವ ನಿಮ್ಮ ಅಪ್ಪನ ಕಾಲಿಗೂ ನಾಳೆ ಬೇಕಾಗಬಹುದು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಾಗ ನಾನೂ ಸಂತೋಷಪಟ್ಟೆ. ಮುಂದೆ ಯಾವ ಕೂಸಿಗೂ ಇದು ಬೇಡ. ಆದರೆ ಹೋದದ್ದು ಪೋಲಿಯೋ. ಪೋಲಿಯೋ ಬಂದವರು ಇಲ್ಲೇ ಇದ್ದೇವೆ, ವಯಸ್ಸಾಗುತ್ತಿದೆ, ಒಳ್ಳೆಯ ಕಾಲೂ ಸೋಲುತ್ತಿದೆ.

ಬೇರೆ ದೇಶದಲ್ಲಿ ಆಗಿದೆ. 2012ರಲ್ಲಿ ಅಮೆರಿಕದ ಹದಿನಾರರ ಹುಡುಗ ಮ್ಯಾಥ್ಯೂ ವಾಲ್ಜರ್, ಸೆರೆಬ್ರಲ್ ಪಾಲ್ಸಿ ಇರುವವನು, ತನ್ನ ಶೂವನ್ನು ತಾನೇ ಹಾಕಿಕೊಳ್ಳಬೇಕೆಂದು ನೈಕಿ ಕಂಪನಿಗೆ ಪತ್ರ ಬರೆದ. 2015ರಲ್ಲಿ ಹಿಂಬದಿಯವರೆಗೂ ಜಿಪ್ ಎಳೆದು ತೆರೆಯುವ ಶೂ ಪೇಟೆಗೆ ಬಂತು. ಅಲ್ಲಿಯದೇ ಜಪ್ಪೋಸ್ ಎಂಬ ಕಂಪನಿ 2020ರಿಂದ ಕೆಲವು ಶೂಗಳನ್ನು ಒಂಟಿಯಾಗಿ, ಎರಡು ಕಾಲಿಗೆ ಎರಡು ಅಳತೆಯಲ್ಲಿ ಮಾರತೊಡಗಿತು. ನನ್ನ ಟ್ರಂಕಿನ ಕಥೆ ಅಲ್ಲಿ ಆಗಬೇಕಾಗಿಲ್ಲ. ಒಂದು ಪತ್ರಕ್ಕೆ ಅಲ್ಲಿ ಬೆಲೆ ಬಂತು. ನಮ್ಮಲ್ಲಿ ಕಾಯ್ದೆಗೇ ಬಂದಿಲ್ಲ.

ಈಗ ಒಂದು ಅವಕಾಶ ಕಣ್ಣೆದುರಿಗಿದೆ. ಬ್ರಿಟಿಷರ ಕಾಲದ ನಂಬರನ್ನು ಬಿಟ್ಟು ಭಾರತೀಯರ ಪಾದಕ್ಕೆ ತಕ್ಕ ಹೊಸ ಅಳತೆ ತರುವುದಕ್ಕಾಗಿ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಸ್ಥಳಗಳಲ್ಲಿ 1,01,880 ಜನರ ಪಾದ ಅಳೆದಿದ್ದಾರೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಈ ಅಳತೆಗೆ 'ಭ' ಎಂಬ ಹೆಸರು ಸೂಚಿಸಿದ್ದಾರೆ. ನಮ್ಮ ಪಾದ ಐರೋಪ್ಯರ ಪಾದಕ್ಕಿಂತ ಅಗಲ ಎಂದು ಅವರೇ ಕಂಡುಕೊಂಡಿದ್ದಾರೆ. ಅಗಲದ ಮಾತು ಕೊನೆಗೂ ಬಂತು. ನಾನು ಕೇಳುವುದು ಇಷ್ಟೇ. ಆ ಒಂದು ಲಕ್ಷ ಪಾದಗಳ ನಡುವೆ ಸ್ಪ್ಲಿಂಟ್ ಹಾಕಿದ ಪಾದ ಎಷ್ಟಿದ್ದವು? ಲೆಕ್ಕ ಹೇಳಿ. ಇರಲಿಲ್ಲವಾದರೆ ಇನ್ನೊಮ್ಮೆ ಅಳೆಯಿರಿ. 'ಭ' ಎಂದರೆ ಭಾರತವಾದರೆ ನನ್ನ ಎಡಗಾಲು ಅದರೊಳಗೆ ಬರಬೇಕು.

ಸ್ಪ್ಲಿಂಟ್ ಬರೆದ ಚೀಟಿಯಲ್ಲಿಯೇ ಶೂ ಬರೆಯಬೇಕು. ಮಗುವಿನ ಕಾಲು ಬೆಳೆದಂತೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಶಾಲೆಯ ಶೂ ದರದಲ್ಲಿ ಈ ಮಕ್ಕಳಿಗೆ ಬೇರೆ ಸಾಲು ಬೇಕು. ಅಂಗಡಿಯವರು ಒಂಟಿ ಶೂ ಮಾರಬೇಕು. ಗುಡಿಯ ಬಾಗಿಲಲ್ಲೂ ಪರೀಕ್ಷೆಯ ಬಾಗಿಲಲ್ಲೂ ಸ್ಪ್ಲಿಂಟಿನ ಶೂವನ್ನು ಕಾಲೆಂದೇ ಎಣಿಸಬೇಕು. ದಯೆ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಬಾಕಿ ಕೇಳುತ್ತಿದ್ದೇನೆ.

ಹನ್ನೊಂದು ಖರೀದಿಯ ಬಿಲ್ಲುಗಳನ್ನೂ, ಹುಡುಗಿಯ ಅವ್ವ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನೂ, ಮಡಿಲಲ್ಲಿ ಶೂ ಇಟ್ಟುಕೊಂಡ ಆ ಫೋಟೋವನ್ನೂ ಸೇರಿಸಿ ನಾನು ಬೆಂಗಳೂರಿಗೆ, ರಾಜ್ಯ ಅಂಗವಿಕಲರ ಅಧಿನಿಯಮದ ಆಯುಕ್ತರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಇಂಥ ದೂರು ಕೇಳುವ ಅಧಿಕಾರವನ್ನು ಅದೇ 2016ರ ಕಾಯ್ದೆ ಆ ಹುದ್ದೆಗೆ ಕೊಟ್ಟಿದೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಸ್ಪ್ಲಿಂಟ್ ಹಾಕುವವರಿದ್ದರೆ ಅವರ ಮಂಚದ ಕೆಳಗೆ ಬಗ್ಗಿ ನೋಡಿ. ಹಾಕದ ಶೂ ಎಷ್ಟಿವೆ ಎಂದು ಎಣಿಸಿ, ಬಿಲ್ಲು ಹುಡುಕಿ, ನೀವೂ ಕಳಿಸಿ.